ಯಜಮಾನರಿಗೆ ಆರಡಿ ನೀರು

ಜನವರಿ ೭

ಅಣ್ಣಾ,

ನಾನು ಚೆನ್ನಾಗಿದ್ದೇನೆ, ನನ್ನ ಹಲ್ಲುಗಳೂ ಚೆನ್ನಾಗಿವೆ. ಅತ್ತಿಗೆಯ ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಅಂದರೆ ಅವರು ಕೇಳುವವರಲ್ಲ, ನೀನು ಹೇಳುವವನೂ ಅಲ್ಲ.

ಒಂದು ದೊಡ್ಡ ವಿಷಯ. ಡಾಕ್ಟರು ಹಲ್ಲಿನ ದವಾಖಾನೆ ಮುಚ್ಚುತ್ತಿದ್ದಾರೆ. ವಯಸ್ಸಾಯಿತು, ಕಂಡವರ ಬಾಯಿ ನೋಡಿದ್ದು ಸಾಕು ಎಂದು ಅವರೇ ಹೇಳಿದರು. ಮಾರ್ಚ್ ಕೊನೆಯ ದಿನ ಬೀಗ. ಕಟ್ಟಡ ಕೊಂಡವರು ಗೋಡೆಗಳನ್ನೆಲ್ಲ ಒಡೆದು ಅಂಗಡಿ ಮಾಡುತ್ತಾರಂತೆ. ನನ್ನ ಕೆಲಸದ ಚಿಂತೆ ನಿನಗೆ ಬೇಡ. ಹೆರಿಗೆ ಆಸ್ಪತ್ರೆಯಲ್ಲಿ ಸಾಮಾನು ಕುದಿಸುವ ಕೋಣೆಗೆ ಈಗಾಗಲೇ ಕರೆದಿದ್ದಾರೆ. ಇಕ್ಕಳ ಎಲ್ಲಿಗೆ ಹೋದರೇನು, ಅದನ್ನು ಕುದಿಸುವವಳು ನಾನೇ.

ಚಿಂತೆ ಯಜಮಾನರದ್ದು. ಅವರಿಗೆ ಹೋಗುವುದಕ್ಕೆ ಬೇರೆ ಜಾಗವಿಲ್ಲ. ಮೈಯೂ ದೊಡ್ಡದು, ಸಿಟ್ಟೂ ದೊಡ್ಡದು, ಹಾಗಾಗಿ ಇಟ್ಟುಕೊಳ್ಳುತ್ತೇವೆ ಎನ್ನುವವರು ಯಾರೂ ಇಲ್ಲ. ನನ್ನ ಕೈಯಿಂದಲ್ಲದೆ ಇನ್ನೊಬ್ಬರ ಕೈಯಿಂದ ತಿನ್ನುವುದೂ ಇಲ್ಲ. ಮನೆಗೆ ಕರೆದುಕೊಂಡು ಬರುವುದೆಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೇನೆ. ಮುಂದಿನ ಕೋಣೆಯ ಮಂಚ ತೆಗೆದು ಅವರಿಗೆ ಜಾಗ ಮಾಡಿ, ನಾನು ಅಡುಗೆಮನೆಯಲ್ಲಿ ಮಲಗುತ್ತೇನೆ.

ನಿನ್ನನ್ನು ಕೇಳುವುದು ಒಂದೇ. ಗಾಜಿನ ಕೆಲಸ ನಿನಗೆ ಗೊತ್ತು. ಆರಡಿ ಉದ್ದದ್ದು ಬೇಕು. ಕಡಿಮೆ ಖರ್ಚಿನಲ್ಲಿ ಆಗುತ್ತದೆಯೇ?

ನಿನ್ನ ಚೂಟಿ

*

ಜನವರಿ ೧೪

ಚೂಟಿ,

ನಿನ್ನ ಪತ್ರವನ್ನು ನಾನು ಓದಿ, ನಿನ್ನ ಅತ್ತಿಗೆ ಓದಿ, ಆಮೇಲೆ ಇಬ್ಬರೂ ಕೂತು ಜೊತೆಯಲ್ಲಿ ಓದಿದೆವು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮದುವೆ ಬೇಡವೆಂದು ನೀನು ಅಂದಾಗ ಮನೆಯಲ್ಲಿ ಯಾರೂ ಒತ್ತಾಯ ಮಾಡಲಿಲ್ಲ. ಈಗ ನಲವತ್ತಾರರಲ್ಲಿ ಬೇಕು ಎನ್ನಿಸಿದರೆ ಬೇಡ ಎನ್ನುವುದಕ್ಕೆ ನಾನು ಯಾರು? ಆದರೂ ಅಣ್ಣನಾಗಿ ಎರಡು ಮಾತು ಕೇಳಬೇಕು. ಆ ಯಜಮಾನರು ಯಾರು? ವಯಸ್ಸೆಷ್ಟು? ಅವರ ಕಡೆಯವರು ಯಾರೂ ಇಲ್ಲವೇ? ಕೈಯಾರೆ ತಿನ್ನಿಸಬೇಕು ಎಂದಿದ್ದೀಯಲ್ಲ, ಕಾಯಿಲೆಯ ಮನುಷ್ಯನೇ? ಸಿಟ್ಟು ದೊಡ್ಡದು ಎಂದು ಬರೆದದ್ದು ನನಗೆ ಸರಿಬರಲಿಲ್ಲ. ಅವರು ಮುಂದಿನ ಕೋಣೆಯಲ್ಲಿ, ನೀನು ಅಡುಗೆಮನೆಯಲ್ಲಿ ಎನ್ನುವುದಂತೂ ಏನೇನೂ ಸರಿಬರಲಿಲ್ಲ.

ಆರಡಿ ಗಾಜು ಏತಕ್ಕೆ? ಕನ್ನಡಿಗೋ? ಮನುಷ್ಯ ಅಷ್ಟೊಂದು ಶೋಕಿಯೇ?

ಅತ್ತಿಗೆ ಅವರಿಗೊಂದು ಅಂಗಿ ಬಟ್ಟೆ ಕಳಿಸಿದ್ದಾಳೆ, ನೀಲಿ ಗೆರೆಯದು. ಅಳತೆ ಗೊತ್ತಿಲ್ಲದ್ದರಿಂದ ಧಾರಾಳವಾಗಿಯೇ ತಂದಿದ್ದಾಳೆ.

ಅಣ್ಣ

*

ಜನವರಿ ೨೧

ಅಣ್ಣಾ,

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ದವಾಖಾನೆಯಲ್ಲಿ ಓದಿ ಹೇಳಿದೆ. ಡಾಕ್ಟರು ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ರೋಗಿಯನ್ನು ಹಾಗೆಯೇ ಬಿಟ್ಟು ಹೊರಗೆ ಬಂದು ನಕ್ಕರು. ಅತ್ತಿಗೆಗೆ ಹೇಳು, ಯಜಮಾನರಿಗೆ ಅಂಗಿ ತೊಡಿಸುವುದಕ್ಕೆ ಕೈಯೇ ಇಲ್ಲ. ಅವರು ಮೀನು.

ನಿನಗೆ ಹಿಂದೆಯೇ ಬರೆದಿದ್ದೆ, ನೀನು ಮರೆತಿದ್ದೀಯ. ರೋಗಿಗಳು ಕಾಯುವ ಕೋಣೆಯಲ್ಲಿ, ಗೋಡೆಯೊಳಗೇ ಕಟ್ಟಿದ ಒಂದು ಗಾಜಿನ ತೊಟ್ಟಿಯಿದೆ. ಅದರಲ್ಲಿ ಅವರೊಬ್ಬರೇ ಇರುವುದು. ಆಸ್ಕರ್ ಜಾತಿಯಂತೆ. ಬಂದಾಗ ಬೆರಳಷ್ಟಿದ್ದವರು ಈಗ ನನ್ನ ಮೊಳಕೈಯಿಂದ ಅಂಗೈವರೆಗೆ ಇದ್ದಾರೆ. ಕಪ್ಪು ಮೈ, ಅದರ ಮೇಲೆ ಕೆಂಡ ಉದುರಿದ ಹಾಗೆ ಕಿತ್ತಳೆ ಮಚ್ಚೆ, ಬಾಲದ ಬುಡದಲ್ಲಿ ಇನ್ನೊಂದು ಕಣ್ಣಿನಂಥ ಉಂಗುರ. ಬಾಗಿಲಿಗೆ ಮುಖ ಮಾಡಿ, ಬಂದವರನ್ನೆಲ್ಲ ಗಲ್ಲಾ ಮೇಲೆ ಕೂತ ಅಂಗಡಿಯವನ ಹಾಗೆ ಒಮ್ಮೆ ಅಳೆದು ನೋಡುತ್ತಾರೆ. ಅದಕ್ಕೇ ಎಲ್ಲರೂ ಯಜಮಾನರು ಎನ್ನುವುದು.

ತೊಟ್ಟಿ ಗೋಡೆಗೆ ಅಂಟಿದ್ದು, ಕೀಳುವುದಕ್ಕೆ ಬರುವುದಿಲ್ಲ. ಗೋಡೆ ಒಡೆದರೆ ಅದೂ ಹೋಯಿತು. ಮೀನಿನ ಅಂಗಡಿಯವರನ್ನು ಕೇಳಿದೆ. ಇಷ್ಟು ದೊಡ್ಡದನ್ನು ಯಾರೂ ಕೊಳ್ಳುವುದಿಲ್ಲ, ಚಿಕ್ಕ ಮೀನುಗಳ ಜೊತೆ ಬಿಟ್ಟರೆ ಅವುಗಳನ್ನೇ ತಿನ್ನುತ್ತದೆ ಎಂದರು. ಕಟ್ಟಡದವರ ಮೇಸ್ತ್ರಿಯನ್ನು ಕೇಳಿದರೆ, "ಚರಂಡಿಗೆ ಬಿಟ್ಟರಾಯ್ತಲ್ಲ ಬಿಡಿ ಅಕ್ಕಾ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊತೀರಾ" ಅಂದ. ಅವತ್ತು ನನಗೆ ಊಟ ಸೇರಲಿಲ್ಲ.

ಅಣ್ಣಾ, ನಿನ್ನ ಹತ್ತಿರ ಮುಚ್ಚಿಡುವುದೇನು? ನಾನು ಬೆಳಿಗ್ಗೆ ಬಾಗಿಲು ತೆಗೆದರೆ ತಿರುಗಿ ನೋಡುವ ಜೀವ ಈ ಊರಿನಲ್ಲಿ ಅವರೊಬ್ಬರೇ. ಬೇರೆ ಯಾರು ಬಂದರೂ ಅಲ್ಲಾಡದವರು ನನ್ನ ಹೆಜ್ಜೆ ಕೇಳಿದರೆ ಗಾಜಿಗೆ ಮೂತಿ ತಾಗಿಸುತ್ತಾರೆ. ಒಂದು ಮೀನು ಮನುಷ್ಯರನ್ನು ಗುರುತು ಹಿಡಿಯುತ್ತದೆ ಎಂದರೆ ಅದೇನು ಸಣ್ಣ ಮಾತೇ? ಅದನ್ನು ನೆನೆಸಿಕೊಂಡಾಗಲೆಲ್ಲ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ನನಗೆ ತೊಟ್ಟಿ ಬೇಕು, ನನ್ನ ಸಂಬಳಕ್ಕೆ ಎಟುಕುವಂಥದ್ದು. ಹೇಳಿಕೊಡು.

ಚೂಟಿ

*

ಜನವರಿ ೨೮

ಚೂಟಿ,

ಮೀನಿಗೆ ಯಜಮಾನರು ಎಂದು ಬಹುವಚನ ಹಾಕಿ ಬರೆದರೆ ಅಣ್ಣನಾದವನು ಏನೆಂದುಕೊಳ್ಳಬೇಕು? ಅತ್ತಿಗೆ ಒಂದು ದಿನ ನನ್ನ ಜೊತೆ ಮಾತು ಬಿಟ್ಟಳು. ನಾನೇ ಏನೋ ಮೋಸ ಮಾಡಿದ ಹಾಗೆ.

ಈಗ ಕೇಳು. ಹೊಸ ಗಾಜು ಕೊಳ್ಳಬೇಡ. ದಪ್ಪ ಗಾಜು ಅಗ್ಗವಾಗಿ ಸಿಗುವುದು ಅಂಗಡಿಗಳ ಮುಂಭಾಗ ಬದಲಿಸುವಾಗ. ನಿನ್ನ ಹೆಬ್ಬೆರಳಿನ ಉಗುರಿನ ಅಗಲದಷ್ಟು ದಪ್ಪ ಇರಲೇಬೇಕು. ಮೂಲೆಯಲ್ಲಿ ಚಿಕ್ಕದಾಗಿ ಮುದ್ರೆ ಒತ್ತಿದ್ದರೆ ಅದು ಕಾಯಿಸಿ ಗಟ್ಟಿ ಮಾಡಿದ ಗಾಜು. ಎಷ್ಟು ಪುಕ್ಕಟೆ ಕೊಟ್ಟರೂ ಬೇಡ, ಕತ್ತರಿಸಲು ಗೆರೆ ಎಳೆದ ಕೂಡಲೇ ಸಕ್ಕರೆಯ ಹಾಗೆ ಉದುರಿಹೋಗುತ್ತದೆ. ಅಂಚುಗಳನ್ನು ಉಜ್ಜಿಸು. ಅಂಟಿಸುವುದಕ್ಕೆ ಸಿಲಿಕೋನ್ ಟ್ಯೂಬು ಸಿಗುತ್ತದೆ. ಅದರಲ್ಲಿ ಬೂಸ್ಟು ಹಿಡಿಯುವುದಿಲ್ಲ ಎಂದು ಬರೆದಿರುವ ಟ್ಯೂಬು ಇರುತ್ತದೆ, ನಿನ್ನ ಕೈ ಸೀದಾ ಅದಕ್ಕೇ ಹೋಗುತ್ತದೆ ಎಂದು ಗೊತ್ತು. ಅದನ್ನು ಮುಟ್ಟಬೇಡ, ಅದರಲ್ಲಿ ಮದ್ದು ಬೆರೆಸಿರುತ್ತಾರೆ. ತೊಟ್ಟಿಯ ಕೆಳಗೆ ಇಟ್ಟಿಗೆ ಕಟ್ಟೆ, ಅದರ ಮೇಲೆ ದಪ್ಪ ಹಲಗೆ, ಹಲಗೆಯ ಮೇಲೆ ಥರ್ಮೋಕೋಲ್ ಹಾಳೆ. ನೀರು ತುಂಬಿದ ತೊಟ್ಟಿ ಒಂದು ಸಣ್ಣ ಕಾರಿನಷ್ಟು ತೂಗುತ್ತದೆ, ಕಟ್ಟೆ ಕೂದಲೆಳೆಯಷ್ಟು ಓರೆಯಾದರೂ ಗಾಜು ಸೀಳುತ್ತದೆ. ಅಳತೆಗಳ ಚಿತ್ರ ಹಿಂದಿನ ಹಾಳೆಯಲ್ಲಿದೆ.

ಮೀನಿನ ವಿಷಯ ನನಗೆ ಸೊನ್ನೆ. ಇಲ್ಲಿ ಒಂದು ಮೀನಿನ ಅಂಗಡಿಗೆ ಹೋಗಿದ್ದೆ. ನಡೆಸುವುದು ಒಬ್ಬ ಮುದುಕಿ, ಎಲ್ಲರೂ ಮೀನಮ್ಮ ಎನ್ನುತ್ತಾರೆ. ಪ್ರಶ್ನೆ ಕೇಳಿದರೆ, "ಇದು ಅಂಗಡೀನಪ್ಪಾ, ಇಸ್ಕೂಲಲ್ಲ. ಏನಾದ್ರೂ ತಗೊ, ಆಮೇಲೆ ಕೇಳು" ಎಂದರು. ಹಾಗಾಗಿ ಪ್ರಶ್ನೆಗೊಂದು ಮೀನು ಕೊಂಡೆ. ಈಗ ಅಡುಗೆಮನೆಯ ಗಾಜಿನ ಡಬ್ಬದಲ್ಲಿ ಮೂರು ಸಣ್ಣ ಮೀನುಗಳಿವೆ, ಅತ್ತಿಗೆಗೆ ಇನ್ನೂ ಸರಿಯಾದ ಕಾರಣ ಹೇಳಿಲ್ಲ.

ಅಣ್ಣ

*

ಫೆಬ್ರವರಿ ೧೮

ಅಣ್ಣಾ,

ಬರೆಯಲು ತಡವಾಯಿತು, ಕೈಗೆಲ್ಲ ಸಿಲಿಕೋನ್ ಅಂಟಿತ್ತು.

ಬಟ್ಟೆ ಅಂಗಡಿಯೊಂದರ ಮುಂಭಾಗದ ಗಾಜು ಸಿಕ್ಕಿತು. ಅಂಗಡಿಯವರಿಗೆ ಹಲ್ಲಿನ ಸೆಟ್ ಮಾಡಿಕೊಟ್ಟವರು ನಮ್ಮ ಹಲ್ಲು ಮೇಸ್ತ್ರಿ. ಅವರು ನಮ್ಮ ದವಾಖಾನೆಯ ಹಿಂದಿನ ಕೋಣೆಯಲ್ಲಿ ಕಟ್ಟು ಹಲ್ಲು ಮಾಡುವವರು, ವರ್ಷಗಟ್ಟಲೆ ಪಕ್ಕದಲ್ಲಿ ಕೆಲಸ ಮಾಡಿದರೂ ನನ್ನೊಡನೆ ನಾಲ್ಕು ಮಾತು ಆಡಿದವರಲ್ಲ. ಅಂಗಡಿಯವರ ಹತ್ತಿರ ಹೋಗಿ, "ನಗ್ತಾ ಮಾತಾಡ್ತೀರಲ್ಲ ಈಗ, ಅದಕ್ಕೆ ಬದಲು ಒಂದು ಗಾಜು ಕೊಡಿ" ಎಂದು ಕೇಳಿ ಇಸಿದುಕೊಂಡು ಬಂದರು. ಮುದ್ರೆ ಇಲ್ಲ, ಎರಡೆರಡು ಸಲ ನೋಡಿದೆ. ಸಿಲಿಕೋನ್ ಎಳೆದದ್ದೂ ಅವರೇ. ಒಸಡಿಗೆ ಕೂರುವ ಹಲ್ಲು ಮಾಡುವ ಕೈ ಅದು, ಸಂದಿನಲ್ಲಿ ಒಂದು ಗುಳ್ಳೆ ಇರಲಿಲ್ಲ. ನನ್ನ ಕೆಲಸ ಗಾಜನ್ನು ಸ್ಪಿರಿಟ್ಟಿನಿಂದ ಒರೆಸುವುದು. ನಾನು ಒರೆಸಿದ ಗಾಜಿಗೆ ನೊಣ ಬಂದು ಡಿಕ್ಕಿ ಹೊಡೆಯಿತು.

ಒಂದು ವಾರ ಒಣಗಲು ಬಿಟ್ಟು ನಿನ್ನೆ ನೀರು ತುಂಬಿದೆವು. ಮಹಡಿಯಿಂದ ಓನರಮ್ಮ ಜಗಳಕ್ಕೆಂದೇ ಇಳಿದು ಬಂದರು. ನೆಲ ಕುಸಿದರೆ ಯಾರು ಹೊಣೆ ಎಂದು ಶುರು ಮಾಡಿದವರು ಅರ್ಧದಲ್ಲಿ ನಿಂತುಬಿಟ್ಟರು. ನೀರು ಏರುತ್ತಾ ಹೋದ ಹಾಗೆ ಗಾಜು ಕಾಣದಾಯಿತು ಅಣ್ಣಾ. ನೀರು ಯಾರ ಹಂಗೂ ಇಲ್ಲದೆ ಕೋಣೆಯ ನಡುವೆ ತಾನಾಗಿ ನಿಂತುಕೊಂಡಿತ್ತು. ಸಂಜೆ ಬಿಸಿಲು ಅದರ ಮೂಲಕ ಹಾದು ಸೂರಿನ ಮೇಲೆಲ್ಲ ಬೆಳಕು ಹರಿದಾಡಿತು. ಈ ಮನೆಯಲ್ಲಿ ಇಷ್ಟು ವರ್ಷ ಇದ್ದೇನೆ, ಸೂರಿಗೆ ಬಣ್ಣ ಇದೆ ಎಂಬುದನ್ನೇ ನಾನು ನೋಡಿರಲಿಲ್ಲ. ನಾವು ಮೂವರೂ ಬಾಯಿ ಬಿಟ್ಟುಕೊಂಡು ಕತ್ತೆತ್ತಿ ನಿಂತೆವು. ಹಲ್ಲು ಮೇಸ್ತ್ರಿ ನೆಲದ ಮೇಲೆ ಮಂಡಿಯೂರಿ ಒಂದೊಂದೇ ಸಂದಿಗೆ ಬೆರಳು ತಾಗಿಸಿ ನೋಡಿದರು. ಒಂದು ಹನಿ ಇಲ್ಲ.

ನೇರ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದಂತೆ. ಅತ್ತಿಗೆ ಕಳಿಸಿದ ಅಂಗಿ ಬಟ್ಟೆಯನ್ನು ಕಿಟಕಿಗೆ ಪರದೆ ಮಾಡಿದ್ದೇನೆ. ಒಟ್ಟಿನಲ್ಲಿ ಯಜಮಾನರಿಗೇ ಸೇರಿತು.

ಚೂಟಿ

*

ಫೆಬ್ರವರಿ ೨೫

ಚೂಟಿ,

ನಿನ್ನ ಪತ್ರ ಓದಿ ಮೀನಮ್ಮನ ಅಂಗಡಿಗೆ ಹೋದೆ, ಕೇಳುವುದಕ್ಕೇನೂ ಇರಲಿಲ್ಲ. ಅಲ್ಲೊಂದು ದೊಡ್ಡ ತೊಟ್ಟಿಯಿದೆ, ಅದಕ್ಕೆ ಅಂಗೈ ಒತ್ತಿ ನಿಂತೆ. ಚಿಕ್ಕಂದಿನಿಂದ ಗಾಜು ಹಾಕಿದ್ದೇನೆ, ಮೋಡದ ಎತ್ತರದಲ್ಲಿ ತೂಗಾಡಿಕೊಂಡು ಹಾಕಿದ್ದೇನೆ. ಎಲ್ಲವೂ ಗಾಳಿ ಮಳೆಯನ್ನು ಹೊರಗಿಡುವುದಕ್ಕೆ. ಒಂದು ಜೀವವನ್ನು ಒಳಗೆ ಹಿಡಿದು ನಿಂತ ಗಾಜನ್ನು ಮುಟ್ಟಿದ್ದು ಅದೇ ಮೊದಲು. ಆ ಕಡೆಯಿಂದ ಒಂದು ಮೀನು ಬಂದು ನನ್ನ ಅಂಗೈಯನ್ನು ನೋಡಿತು. ತುಂಬಾ ಹೊತ್ತು ಕೈ ತೆಗೆಯಲಿಲ್ಲ, ಯಾಕೆ ಎಂದು ಕೇಳಬೇಡ. ಮೀನಮ್ಮ ಕಂಡೂ ಕಾಣದ ಹಾಗೆ ಆ ಕಡೆ ತಿರುಗಿ ಬಲೆ ಜಾಡಿಸಿದರು.

ಹೊರಡುವಾಗ ಅವರೇ ಕರೆದು ಹೇಳಿದ್ದು ಇದು: "ತಂಗಿಗೆ ಬರಿ, ದೊಡ್ಡ ಮೀನನ್ನ ಈಗ್ಲೇ ಬಿಡ್ಬೇಡ ಅನ್ನು. ನೀರು ಪಳಗ್ಬೇಕು ಮೊದ್ಲು." ಎರಡು ಮೂರು ಸಣ್ಣ ಮೀನು ಬಿಟ್ಟು, ಸೋಸುವ ಸ್ಪಂಜಿನ ಪಂಪು ಓಡಿಸುತ್ತಾ ಇರಬೇಕಂತೆ. ಪಳಗುವುದು ಎಂದರೇನು ಎಂದು ಕೇಳೋಣವೆಂದರೆ ಜೇಬಿನಲ್ಲಿ ಇನ್ನೊಂದು ಮೀನಿಗಾಗುವಷ್ಟು ಇರಲಿಲ್ಲ. ನಿನಗೆ ತಿಳಿಯುತ್ತದೆ ಬಿಡು.

ಅಣ್ಣ

*

ಮಾರ್ಚ್ ೮

ಅಣ್ಣಾ,

ಪಳಗಿಸುವ ಕೆಲಸ ನನಗೆ ಬಿಡು. ಶುದ್ಧ ಮಾಡುವುದು ತಾನೇ, ಇಪ್ಪತ್ತೆರಡು ವರ್ಷದಿಂದ ನಾನು ಮಾಡಿಕೊಂಡು ಬಂದಿರುವುದು ಇನ್ನೇನು?

ಆದರೆ ಮೂರು ಸಣ್ಣ ಮೀನು ಬಿಟ್ಟಿದ್ದೆ, ಮೂರೂ ಹೋದವು. ನೀರು ಹಾಲು ಕಲಸಿದ ಹಾಗೆ ಆಗಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನನ್ನ ಕಣ್ಣೆದುರಿಗೇ. ಸಿಲಿಕೋನಿನಲ್ಲಿ ಏನಾದರೂ ಇರಬಹುದೇ? ಬೂಸ್ಟಿನ ಮದ್ದು ಇಲ್ಲದ ಟ್ಯೂಬನ್ನೇ ತಂದಿದ್ದೆ, ಅಂಗಡಿಯವನು ಮೋಸ ಮಾಡಿದ್ದರೆ ಗೊತ್ತಿಲ್ಲ.

ಯಜಮಾನರು ಚೆನ್ನಾಗಿದ್ದಾರೆ. ಅವರಿಗೆ ಇದಾವುದೂ ತಿಳಿಯದು. ಬೆಳಿಗ್ಗೆ ಎರೆಹುಳು ಕೊಡುವಾಗ ನನ್ನ ಬೆರಳನ್ನು ಮೆತ್ತಗೆ ಹಿಡಿದು ಬಿಟ್ಟರು. ನಿಮ್ಮನ್ನು ಎಂಥ ಜಾಗಕ್ಕೆ ಕರೆದುಕೊಂಡು ಹೋಗುತ್ತಿದ್ದೇನೋ ಎಂದುಕೊಂಡೆ.

ಚೂಟಿ

*

ಮಾರ್ಚ್ ೧೩

ಚೂಟಿ,

ತಪ್ಪು ನನ್ನದೇ ಇರಬೇಕು. ಟ್ಯೂಬಿನ ಹೆಸರು ಬರೆದು ಕಳಿಸಬೇಕಿತ್ತು, ಸಿಕ್ಕಿದ್ದನ್ನು ತಾ ಎಂದ ಹಾಗಾಯಿತು. ನೀರನ್ನು ಪೂರ್ತಿ ಖಾಲಿ ಮಾಡು, ಸಂದುಗಳನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆ, ಮತ್ತೆ ತುಂಬು. ಅಂಟಿನಲ್ಲಿ ಹುಳಿ ವಾಸನೆ ಉಳಿದಿದ್ದರೆ ಅದರಿಂದ ಹೋಗುತ್ತದೆ. ನಾಳೆಯಿಂದ ನಮ್ಮನ್ನು ಊರಾಚೆಯ ಕಟ್ಟಡಕ್ಕೆ ಹಾಕಿದ್ದಾರೆ, ಅಲ್ಲೇ ಮಲಗುವುದು, ವಾರ ಕಳೆದು ಬರುತ್ತೇನೆ. ಧೈರ್ಯವಾಗಿರು.

ಅಣ್ಣ

*

ಮಾರ್ಚ್ ೧೮

ಅಣ್ಣಾ,

ಎಲ್ಲ ಸರಿಯಾಗಿದೆ. ನೀನು ಹೇಳಿದ ಹಾಗೆ ಖಾಲಿ ಮಾಡಿ ತೊಳೆದು, ಮತ್ತೆ ಸಣ್ಣ ಮೀನು ಬಿಟ್ಟೆ. ಸ್ಪಂಜನ್ನಂತೂ ಮೊದಲಿನಿಂದಲೂ ದಿನಾ ಕುದಿಸಿಯೇ ಹಾಕುತ್ತಿದ್ದೇನೆ, ಸೂಜಿಗಿಂತ ಶುದ್ಧವಾಗಿದೆ. ದವಾಖಾನೆಯ ಫೋನು ಕಿತ್ತುಕೊಂಡು ಹೋದರು. ಕುರ್ಚಿಗಳೂ ಹೋದವು.

೨೫ನೇ ತಾರೀಖು ಬುಧವಾರ ಯಜಮಾನರ ಹಳೆಯ ತೊಟ್ಟಿಯನ್ನೂ ಅದರ ಸ್ಪಂಜು, ಕಲ್ಲುಗಳನ್ನೂ ತೊಳೆಯುತ್ತೇನೆ. ಇಷ್ಟು ವರ್ಷ ಡಾಕ್ಟರು ಅದನ್ನು ಮುಟ್ಟಲು ಬಿಡಲಿಲ್ಲ. "ನಿಂದು ಇಕ್ಕಳ, ನಂದು ತೊಟ್ಟಿ" ಎನ್ನುತ್ತಿದ್ದರು. ತಳದಲ್ಲೆಲ್ಲ ಕಂದು ಲೋಳೆ, ನೋಡಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಹೊಸ ಮನೆಗೆ ಕೊಳೆ ಹೊತ್ತು ಹೋಗುವುದು ಬೇಡವೆಂದು ಹಟ ಮಾಡಿ ಒಪ್ಪಿಸಿದ್ದೇನೆ.

ಚೂಟಿ

*

ತಂತಿ. ಮಾರ್ಚ್ ೨೪

ತೊಳೆಯಬೇಡ. ಏನನ್ನೂ ತೊಳೆಯಬೇಡ. ಅಣ್ಣ.

*

ಮಾರ್ಚ್ ೨೪

ಚೂಟಿ,

ತಂತಿ ನಿನಗೆ ಸಿಕ್ಕಿರಲಿ ಎಂದು ಬೇಡಿಕೊಳ್ಳುತ್ತಾ ಇದನ್ನು ಬರೆಯುತ್ತಿದ್ದೇನೆ.

ಊರಾಚೆಯಿಂದ ಇವತ್ತು ಬಂದೆ. ಅತ್ತಿಗೆ ಬಾಗಿಲಲ್ಲೇ ನಿನ್ನ ಪತ್ರ ಕೈಗಿಟ್ಟು, "ಚೂಟಿ ಏನೋ ಮುಚ್ಚಿಡ್ತಿದಾಳೆ ಕಣ್ರೀ, ಅವಳು ಇಷ್ಟು ಚಿಕ್ಕದಾಗಿ ಬರೆದದ್ದು ಯಾವತ್ತಿದೆ?" ಎಂದಳು. ನೀನು ಎರಡನೇ ಸಲ ಬಿಟ್ಟ ಮೀನುಗಳೂ ಸತ್ತಿವೆ, ಅಲ್ಲವೇ? ಬೂಟು ಬಿಚ್ಚದೆ ಮೀನಮ್ಮನ ಹತ್ತಿರ ಓಡಿದೆ. ಸ್ಪಂಜು ಕುದಿಸುವ ವಿಷಯ ಹೇಳಿದ್ದೇ ತಡ, ಮುದುಕಿ ತಲೆಯ ಮೇಲೆ ಕೈ ಹೊತ್ತುಕೊಂಡರು. ಈ ಸಲ ಮೀನು ಕೊಳ್ಳು ಎನ್ನಲಿಲ್ಲ.

ಪಳಗುವುದೆಂದರೆ ಶುದ್ಧವಾಗುವುದಲ್ಲ. ಮೀನು ತಿಂದು ಹೇಲುತ್ತದಲ್ಲ, ಆ ಹೊಲಸು ಕರಗಿ ನೀರಿನಲ್ಲಿ ವಿಷವಾಗುತ್ತದೆ. ಆ ವಿಷವನ್ನೇ ಉಂಡು ಬದುಕುವ, ಕಣ್ಣಿಗೆ ಕಾಣದ ಜೀವಗಳಿವೆಯಂತೆ. ಅವು ಸ್ಪಂಜಿನಲ್ಲಿ, ಕಲ್ಲಿನ ಮೇಲೆ, ಲೋಳೆಯಲ್ಲಿ ನಿಧಾನವಾಗಿ ಬಂದು ನೆಲೆಸುತ್ತವೆ. "ಊರು ಕಟ್ಟಿದ ಹಾಗೆ ಕಣಪ್ಪಾ. ನಿನ್ನ ತಂಗಿ ದಿನಾ ಬೆಳಿಗ್ಗೆ ಊರಿಗೆ ಬೆಂಕಿ ಹಚ್ತಿದಾಳೆ" ಎಂದರು. ನಾನೂ ಖಾಲಿ ಮಾಡು, ತೊಳೆ ಎಂದು ಬರೆದೆನಲ್ಲ. ನಾನು ನನ್ನ ಅಂಟನ್ನು ಅನುಮಾನಿಸಿದೆ, ನಿನ್ನ ಕೈಯನ್ನು ಅನುಮಾನಿಸಬೇಕು ಎಂದು ಹೊಳೆಯಲಿಲ್ಲ. ನಿನ್ನಷ್ಟು ಶುದ್ಧವಾದ ಕೈ ಯಾರದ್ದಿದೆ?

ಹಳೆಯ ತೊಟ್ಟಿಯ ಸ್ಪಂಜನ್ನೂ ಕಲ್ಲುಗಳನ್ನೂ ಕೊಳೆ ಸಮೇತ, ಒಣಗಲು ಬಿಡದೆ, ಅದರದೇ ನೀರಿನಲ್ಲಿ ಮುಳುಗಿಸಿ ಹೊಸದಕ್ಕೆ ಸಾಗಿಸಬೇಕಂತೆ. ಆ ಊರೇ ಗುಳೆ ಬಂದ ಹಾಗೆ. ಅದನ್ನು ತೊಳೆದರೆ ಯಜಮಾನರು ಎರಡು ತೊಟ್ಟಿಯಲ್ಲೂ ಉಳಿಯುವುದಿಲ್ಲ.

ಅಣ್ಣ

*

ಮಾರ್ಚ್ ೨೭

ಅಣ್ಣಾ,

ಬುಧವಾರ ಏನಾಯಿತೆಂದು ಕೇಳು.

ಬ್ಲೀಚಿಂಗ್ ಪುಡಿ ಕಲಸಿದ ಬಕೆಟ್ಟು ಪಕ್ಕದಲ್ಲಿತ್ತು. ನಾನು ಸ್ಟೂಲು ಹತ್ತಿ ತೊಟ್ಟಿಯೊಳಗೆ ಭುಜದವರೆಗೆ ಕೈ ಹಾಕಿ ಸ್ಪಂಜನ್ನು ಎತ್ತಿದ್ದೆ. ಅದರಿಂದ ಕಂದು ನೀರು ಸುರಿಯುತ್ತಿತ್ತು. ಅಷ್ಟರಲ್ಲಿ ಓನರಮ್ಮ ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿಯುದ್ದಕ್ಕೂ ಅಳುತ್ತಾ ಓಡಿ ಬಂದರು. ಕೈಯಲ್ಲಿ ತಂತಿ. ಒಡೆದೇ ಇರಲಿಲ್ಲ. ತಂತಿ ಎಂದ ಮೇಲೆ ಸಾವೇ ಎಂದು ಅವರ ಲೆಕ್ಕ.

"ಯಾರು ಹೋದ್ರೋ ಏನೋ, ಧೈರ್ಯ ತಗೋ ತಾಯಿ" ಎಂದು ನನ್ನನ್ನು ತಬ್ಬಿಕೊಂಡರು. ನನ್ನ ಜೀವ ಬಾಯಿಗೆ ಬಂತು. ನೀನೋ, ಅತ್ತಿಗೆಯೋ ಎಂದು ತಿಳಿಯದೆ ಸ್ಪಂಜು ಹಿಡಿದುಕೊಂಡೇ ನಿಂತೆ. ನನ್ನಿಂದ ಒಡೆಯುವುದಕ್ಕೆ ಆಗಲಿಲ್ಲ. ಡಾಕ್ಟರು ಕನ್ನಡಕ ಹಾಕಿಕೊಂಡು ಒಡೆದು ಓದಿದರು. ಒಮ್ಮೆ ಮನಸ್ಸಿನಲ್ಲೇ ಓದಿ, ನನ್ನ ಮುಖ ನೋಡಿ, ಆಮೇಲೆ ಜೋರಾಗಿ ಓದಿದರು.

"ತೊಳೆಯಬೇಡ. ಏನನ್ನೂ ತೊಳೆಯಬೇಡ."

"ಅಷ್ಟೇನಾ?" ಎಂದರು ಓನರಮ್ಮ. "ಹಾಗಾದ್ರೆ ಯಾರು ಹೋಗಿದ್ದು?"

"ಯಾರೂ ಹೋಗಿಲ್ಲಮ್ಮ," ಎಂದರು ಡಾಕ್ಟರು. "ಒಬ್ಬರು ಹೋಗೋದ್ರಲ್ಲಿದ್ರು."

ಅವರಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಕೇಳಿದ್ದಕ್ಕೆ, "ನಂಗೂ ಯಾಕೇಂತ ಗೊತ್ತಿರ್ಲಿಲ್ಲ ಕಣಮ್ಮ. ಒಂದ್ಸಲ ತೊಳೆಸಿದ್ದೆ, ನೀನು ಬರೋ ಮೊದ್ಲು. ಆಗ ಇದ್ದ ಮೀನೆಲ್ಲ ಸತ್ವು. ಅವತ್ತಿಂದ ಮುಟ್ಟೋಕೆ ಬಿಡ್ಲಿಲ್ಲ, ಅಷ್ಟೇ" ಎಂದರು. ಇಷ್ಟು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿ ಇದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಸ್ಪಂಜನ್ನು ಎಲ್ಲಿತ್ತೋ ಅಲ್ಲಿಗೇ ಇಳಿಸಿ ಸ್ಟೂಲಿನಿಂದ ಇಳಿದು ಕೂತೆ.

ನಿನ್ನ ಊಹೆ ಸರಿ. ಎರಡನೇ ಸಲ ಬಿಟ್ಟವೂ ಸತ್ತಿದ್ದವು. ನಾಚಿಕೆಯಾಗಿ ಬರೆಯಲಿಲ್ಲ.

ಅಣ್ಣಾ, ನಿನ್ನ ಪತ್ರ ಇವತ್ತು ಬಂತು. ಓದಿದಾಗಿನಿಂದ ನನಗೆ ಬೇರೆ ಏನೂ ಯೋಚನೆಗೆ ಬರುತ್ತಿಲ್ಲ. ಇಪ್ಪತ್ತೆರಡು ವರ್ಷ ಕಣ್ಣಿಗೆ ಕಾಣದ್ದನ್ನು ಕೊಲ್ಲುವುದಕ್ಕೇ ಸಂಬಳ ತೆಗೆದುಕೊಂಡಿದ್ದೇನೆ. ಅದು ಬೇಕಾದ ಕೆಲಸವೇ. ನಾನು ಕುದಿಸಿದ ಇಕ್ಕಳದಿಂದ ಯಾರ ಬಾಯಲ್ಲೂ ಕೀವಾಗಲಿಲ್ಲ. ಆದರೆ ಆ ಕಾಣದವುಗಳಲ್ಲೂ ಸಾಕುವವು ಇವೆ ಎಂದು ನನಗೆ ಯಾರು ಹೇಳಿದರು? ನಾನು ಹಿಂಡಿ ಎಸೆಯಲು ಹೋಗಿದ್ದ ಲೋಳೆ ಯಜಮಾನರನ್ನು ಬೆರಳಿನ ಗಾತ್ರದಿಂದ ಇಷ್ಟು ದೊಡ್ಡವರನ್ನಾಗಿ ಮಾಡಿದೆ, ಹಗಲೂ ರಾತ್ರಿ, ಒಂದು ದಿನ ರಜೆಯಿಲ್ಲದೆ. ಸಂಜೆ ಮತ್ತೆ ಹೋಗಿ ತೊಟ್ಟಿಯೊಳಗೆ ಕೈಯಿಟ್ಟು ಆ ಸ್ಪಂಜನ್ನು ಸುಮ್ಮನೆ ಮುಟ್ಟಿದೆ. ಕೈಗವಸಿಲ್ಲದೆ ಇಂಥದ್ದನ್ನು ನಾನು ಮುಟ್ಟಿದವಳಲ್ಲ. ಮೆತ್ತಗಿತ್ತು. ಒಳಗೆ ಎಷ್ಟು ಲಕ್ಷ ಜೀವ ಇದ್ದವೋ, ಒಂದೂ ಸದ್ದಿಲ್ಲ.

೩೧ಕ್ಕೆ ಸಾಗಿಸುತ್ತೇವೆ.

ಚೂಟಿ

*

ಏಪ್ರಿಲ್ ೬

ಚೂಟಿ,

೩೧ ಕಳೆದು ಇಷ್ಟು ದಿನವಾದರೂ ನಿನ್ನ ಪತ್ರವಿಲ್ಲ. ಅತ್ತಿಗೆ ಅಂಚೆಯವನು ಬರುವ ಹೊತ್ತಿಗೆ ಮೆಟ್ಟಿಲು ಇಳಿದು ನಿಲ್ಲುತ್ತಾಳೆ, ಮಂಡಿಯ ನೆನಪೂ ಇಲ್ಲ. ನಾನು ಕೆಲಸದಲ್ಲಿ ಇವತ್ತು ಒಂದು ಹಾಳೆ ಗಾಜು ಒಡೆದೆ, ಎಷ್ಟೋ ಕಾಲದ ಮೇಲೆ.

ಮೀನಮ್ಮ ಒಂದು ಮಾತು ಹೇಳಿದ್ದರು, ನಿನಗೆ ಹೆದರಿಕೆಯಾಗುತ್ತದೆಂದು ಬರೆದಿರಲಿಲ್ಲ. ಈ ಜಾತಿಯವರಿಗೆ ಮನೆ ಬದಲಿಸಿದರೆ ಮುನಿಸು ಬರುತ್ತದಂತೆ. ತಳಕ್ಕೆ ಹೋಗಿ ಒಂದು ಮಗ್ಗುಲಾಗಿ ಮಲಗಿಬಿಡುತ್ತವೆ. ಹೆಚ್ಚಿನವು ಏಳುತ್ತವೆ. ಕೆಲವು ಏಳುವುದಿಲ್ಲ. ಆಗ ಮಾಡುವುದಕ್ಕೆ ಏನೂ ಇಲ್ಲ, ನೀರನ್ನು ಕಲಕದೆ ಕೈ ಕಟ್ಟಿ ಕೂತಿರಬೇಕು. ನಿನಗೆ ಅದೇ ಕಷ್ಟ ಎಂದು ನನಗೆ ಗೊತ್ತು.

ಏನೇ ಆಗಿದ್ದರೂ ಬರೆ.

ಅಣ್ಣ

*

ಏಪ್ರಿಲ್ ೯

ಅಣ್ಣಾ,

ಹೇಳುವುದಕ್ಕೆ ಏನಾದರೂ ಆಗಲಿ ಎಂದು ಕಾಯುತ್ತಿದ್ದೆ. ನಿನ್ನ ಪತ್ರ ಬರುವ ಮುಂಚೆಯೇ ಅದೆಲ್ಲ ಆಗಿಹೋಗಿತ್ತು.

ಅವತ್ತು ಸ್ಪಂಜು, ಕಲ್ಲು ಎಲ್ಲವನ್ನೂ ಅದರದೇ ನೀರಿನಲ್ಲಿ ಮುಳುಗಿಸಿ ತಂದೆವು. ಯಜಮಾನರನ್ನು ದೊಡ್ಡ ಡ್ರಮ್ಮಿನಲ್ಲಿಟ್ಟು, ಹಲ್ಲು ಮೇಸ್ತ್ರಿ ಒಂದು ಕಡೆ ನಾನು ಒಂದು ಕಡೆ ಹಿಡಿದುಕೊಂಡು, ಗಾಡಿಯಲ್ಲಿ ಹೆಜ್ಜೆ ಹೆಜ್ಜೆಗೆ ನಿಲ್ಲಿಸುತ್ತಾ ಬಂದೆವು. ಬಿಟ್ಟ ಕೂಡಲೇ ಸೀದಾ ತಳಕ್ಕೆ ಹೋದರು. ಮಗ್ಗುಲಾಗಿ ಬಿದ್ದುಕೊಂಡರು. ಮೈಯ ಕೆಂಡದ ಬಣ್ಣ ಬೂದಿಯಾಯಿತು. ನಾನು ಹೋಗಿ ನಿಂತರೂ ಕಣ್ಣು ನನ್ನ ಕಡೆ ಹೊರಳಲಿಲ್ಲ. ಎರೆಹುಳು ಮೂತಿಯ ಹತ್ತಿರವೇ ಬಿದ್ದರೂ ಬಾಯಿ ತೆರೆಯಲಿಲ್ಲ.

ನಾನು ಅತ್ತೆ ಅಣ್ಣಾ. ಚರಂಡಿಯಿಂದ ಉಳಿಸುತ್ತೇನೆಂದು ತಂದು ನನ್ನ ಮನೆಯಲ್ಲೇ ಸಾಯಿಸುತ್ತಿದ್ದೇನೆ ಎನ್ನಿಸಿತು. ನೀರಿನಲ್ಲಿ ಕಸ ತೇಲುತ್ತಿತ್ತು, ಗಾಜಿನ ಒಳಗೆ ಕಂದು ಪೊರೆ ಕಟ್ಟುತ್ತಿತ್ತು. ಒರೆಸಬೇಕೆಂದು ಕೈ ತುರಿಸುತ್ತಿತ್ತು. ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಹೊಸ ಕೆಲಸಕ್ಕೆ ಹೋಗಿ ಬಂದು ಮತ್ತೆ ಹಾಗೇ ಕೂತೆ. ಓನರಮ್ಮ ತಟ್ಟೆಯಲ್ಲಿ ಊಟ ತಂದಿಟ್ಟು ಹೋದರು. ಹಲ್ಲು ಮೇಸ್ತ್ರಿ ಸಂಜೆ ಬಂದು ಪಕ್ಕದಲ್ಲಿ ಕೂತು, "ಉಸಿರಾಡ್ತಾ ಇದಾರಲ್ಲ" ಎಂದಷ್ಟೇ ಹೇಳಿ ಎದ್ದು ಹೋಗುತ್ತಿದ್ದರು. ಪ್ರತಿ ಸಂಜೆ ಅದೊಂದೇ ಮಾತು. ಅವರು ಅದನ್ನು ಹೇಳಿ ಹೋಗುವವರೆಗೆ ನನಗೆ ಎದೆಯ ಭಾರ ಇಳಿಯುತ್ತಿರಲಿಲ್ಲ.

ಮೊನ್ನೆ ಬೆಳಿಗ್ಗೆ ಎದ್ದು ನೋಡಿದಾಗ ನೀರು ತಿಳಿಯಾಗಿತ್ತು. ನಾನು ಒರೆಸದೆ, ಸೋಸದೆ, ತನ್ನಷ್ಟಕ್ಕೆ ತಾನು. ಆಚೆ ಗೋಡೆಯ ಮೊಳೆ ಕೂಡ ಅದರ ಮೂಲಕ ಕಾಣಿಸುತ್ತಿತ್ತು. ಯಜಮಾನರು ನೆಟ್ಟಗೆ ನಿಂತಿದ್ದರು. ಬಣ್ಣ ಬಂದಿತ್ತು. ಇನ್ನು ನನ್ನ ಕಡೆ ಬರುತ್ತಾರೆ, ಗಾಜಿಗೆ ಮೂತಿ ತಾಗಿಸುತ್ತಾರೆ ಎಂದುಕೊಂಡು ಮುಂದಕ್ಕೆ ಹೋಗಿ ಕೂತೆ.

ಅವರು ಬರಲಿಲ್ಲ. ಒಂದು ಸಲ ಬಾಲ ಬೀಸಿದರು. ನಿಂತರು. ಇನ್ನೊಂದು ಸಲ ಬೀಸಿ, ಸರ್‍ರನೆ ಹೊರಟರು. ಹಳೆಯ ತೊಟ್ಟಿ ಎಷ್ಟು ಚಿಕ್ಕದಿತ್ತೆಂದರೆ ಅವರು ಅಲ್ಲಿ ತಿರುಗುತ್ತಿದ್ದರು ಅಷ್ಟೇ, ಮೂತಿ ಇದ್ದಲ್ಲಿ ಬಾಲ, ಬಾಲ ಇದ್ದಲ್ಲಿ ಮೂತಿ. ಅವರು ನೇರವಾಗಿ ಹೋದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ಅವರೂ ಹೋಗಿರಲಿಲ್ಲ. ಎರಡು ಬೀಸಿಗೆ ಗಾಜು ಸಿಗುತ್ತದೆಂದು ನಿಲ್ಲುವವರ ಹಾಗೆ ಒಂದು ಗಳಿಗೆ ತಡೆದರು, ಸಿಗಲಿಲ್ಲ, ಮತ್ತೆ ಹೋದರು. ರೆಕ್ಕೆಗಳೆಲ್ಲ ಅಗಲವಾಗಿ ಬಿಚ್ಚಿಕೊಂಡವು. ಅವರಿಗೆ ಅಷ್ಟು ದೊಡ್ಡ ರೆಕ್ಕೆಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಆ ತುದಿ ಮುಟ್ಟಿ ತಿರುಗಿ ನನ್ನ ಮುಖದ ಮುಂದೆಯೇ ಹಾದು ಈ ತುದಿಗೆ ಬಂದರು, ಮತ್ತೆ ಆ ತುದಿಗೆ.

ನಾನು ಅಲ್ಲೇ ಕೂತಿದ್ದೆ. ಕೆಲಸಕ್ಕೆ ಹೊತ್ತಾಗುವವರೆಗೂ ಕೂತಿದ್ದೆ. ಅಷ್ಟು ಹೊತ್ತಿನಲ್ಲಿ ಅವರು ಒಂದು ಸಲವೂ ನನ್ನ ಕಡೆ ತಿರುಗಿ ನೋಡಲಿಲ್ಲ ಅಣ್ಣಾ. ಒಬ್ಬರು ನನ್ನನ್ನು ಮರೆತದ್ದಕ್ಕೆ ಇಷ್ಟು ಸಂತೋಷವಾಗಬಹುದು ಎಂದು ನನಗೆ ಗೊತ್ತಿರಲಿಲ್ಲ.

ಚೂಟಿ